ಬ್ಲೌಸ್ ಪೀಸ್ ಎಂಬ ಅರಿಶಿನ-ಕುಂಕುಮದ ಉಡುಗೊರೆ

ಮಾನ್ಯರೇ,

ಶ್ರಾವಣ ಬಂತೆಂದರೆ ಮನೆಮನೆಯಲ್ಲೂ ಬ್ಲೌಸ್ ಪೀಸ್‌ಗಳ ರಾಶಿ. ಬಹುಪಾಲು 80 ಸೆಂ.ಮೀ. ತುಂಡುಗಳು, ತೋಳು ಉದ್ದವಿಟ್ಟರೆ ಅಥವಾ ಮೈ ಸ್ವಲ್ಪ ದಪ್ಪವಿದ್ದರೆ ಸಾಲದು, ಒಂದು ಮೀಟರ್ ಬೇಕು. ಪಾಲಿಯೆಸ್ಟರ್ ಆದರಂತೂ ಬೆವರು ಹೀರುವುದಿಲ್ಲ.

ಆದರೂ ಕೊಟ್ಟವರ ಎದುರೇ ಬಿಡಿಸಿ ಅಳೆಯಬೇಡಿ. ಸೆರಗೊಡ್ಡಿ ತೆಗೆದುಕೊಂಡು, ಬಣ್ಣವೋ ಅಂಚೋ ನಿಜಕ್ಕೂ ಹಿಡಿಸಿದ್ದರೆ ಅದನ್ನಷ್ಟೇ ಹೇಳಿ. ‘ನಾಳೇನೇ ಹೊಲಿಸ್ತೀನಿ’ ಎನ್ನಬೇಡಿ. ಗೌರಿ ಹಬ್ಬಕ್ಕೆ ಬಂದಾಗ ಅವರು ಕೇಳಿಯೇ ಕೇಳುತ್ತಾರೆ!

ಇನ್ನೊಬ್ಬರಿಗೆ ದಾಟಿಸುವುದು ತಪ್ಪೇನಲ್ಲ, ಎಲ್ಲರೂ ಮಾಡುವುದೇ. ಎಡವಟ್ಟಾಗುವುದು ಬಂದದ್ದು ಯಾರಿಂದ ಎಂಬುದು ಮರೆತಾಗ. ಬಂದ ದಿನವೇ ಚೀಟಿಯಲ್ಲಿ ಹೆಸರು ಬರೆದು ಮಡಿಕೆಯೊಳಗಿಡಿ, ಕೊಡುವಾಗ ಚೀಟಿ ತೆಗೆಯಲು ಮರೆಯಬೇಡಿ. ಬಿಚ್ಚಿ ನೋಡಿ: ಕುಂಕುಮದ ಗುರುತು, ಒದ್ದೆ ವೀಳ್ಯದೆಲೆಯ ಕಲೆ, ವರ್ಷಗಟ್ಟಲೆ ಇಟ್ಟು ಮಡಿಕೆಯಲ್ಲಿ ಮಾಸಿದ ಗೆರೆ ಇದ್ದರೆ ಕೊಡಬೇಡಿ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆಯನ್ನು ಮಾತ್ರ ದಾಟಿಸುವ ಸಾಹಸ ಬೇಡವೇ ಬೇಡ.

ಹೊಲಿಸುವುದಾದರೆ ಹತ್ತಿಯ ತುಂಡನ್ನು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಿಗಿಯಾದೀತು.

ಕೊಡುವವರಲ್ಲೂ ಒಂದು ವಿನಂತಿ: ಹತ್ತು ತೆಳು ತುಂಡುಗಳ ಬದಲು ಐವರಿಗಾದರೂ ಸರಿ, ಒಂದು ಮೀಟರ್‌ನ ಹತ್ತಿ ಬಟ್ಟೆ ಕೊಡಿ. ಉಳಿದವರಿಗೆ ತೆಂಗಿನಕಾಯಿ, ಎಲೆ-ಅಡಿಕೆ ಧಾರಾಳವಾಗಿ ಸಾಕು.

– ಓದುಗರು, ಮೈಸೂರು