ಗಾಜಿಗೆ ಅಂಟಿಸಿದ ಹಾಳೆ ಕಾನೂನಾ?

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ನಮ್ಮ ಅಡಿಕೆ ತೋಟದ ಬದಿಯ ತೋಡಿನ ದಂಡೆ ಕುಸಿಯಿತು. ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಒಂದು ಸರಕಾರಿ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಅದನ್ನು ಬಿಡಿಸಿಯೂ ನೋಡಲಿಲ್ಲ. 'ಮಲಯಾಳದಲ್ಲೇ ಬರೀಬೇಕು, ಕಾನೂನು ಉಂಟು' ಎಂದರು. ಯಾವ ಕಾನೂನು ಎಂದು ಕೇಳಿದ್ದಕ್ಕೆ ಗಾಜಿನ ಕಡೆ ಬೆರಳು ತೋರಿಸಿದರು. ಅಲ್ಲೊಂದು ಲ್ಯಾಮಿನೇಟ್ ಮಾಡಿದ ಹಾಳೆ, ಒಂದು ಮೂಲೆ ಎದ್ದು ಬಂದಿತ್ತು. ನಂಬ್ರ ಇಲ್ಲ, ತಾರೀಕು ಇಲ್ಲ, ಸಹಿಯೂ ಇಲ್ಲ!

ನಾವು ಎಲ್ಲವನ್ನೂ 'ಕಾನೂನು' ಎಂಬ ಒಂದೇ ಚೀಲಕ್ಕೆ ತುಂಬಿಸುತ್ತೇವೆ, ಅಲ್ವಾ? ವಿಧಾನಸಭೆ ಪಾಸು ಮಾಡಿದ್ದು ಕಾಯ್ದೆ. ಅದರ ಅಡಿಯಲ್ಲಿ ಇಲಾಖೆ ಬರೆಯುವುದು ನಿಯಮ. ಮೇಲಿನವರು ಕೆಳಗಿನವರಿಗೆ ಕಳಿಸುವುದು ಸುತ್ತೋಲೆ. ಸುತ್ತೋಲೆ ನಿಯಮವನ್ನು ಮೀರುವಂತಿಲ್ಲ, ನಿಯಮ ಕಾಯ್ದೆಯನ್ನು ಮೀರುವಂತಿಲ್ಲ, ಕಾಯ್ದೆ ಸಂವಿಧಾನವನ್ನು ಮೀರುವಂತಿಲ್ಲ. ಗಾಜಿನ ಮೇಲಿನ ಹಾಳೆ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೋ, ಅಂಟಿಸಿದವರೇ ಹೇಳಬೇಕು.

ಕಾಯ್ದೆ ಸುಮ್ನೆ ಹುಟ್ಟುವುದಿಲ್ಲ. ಕೇರಳಕ್ಕೆ ಇರುವುದು ಒಂದೇ ಸದನ, 140 ಸದಸ್ಯರು, ಅದರಲ್ಲಿ ನಮ್ಮ ಜಿಲ್ಲೆಯವರು ಐದು ಮಂದಿ. ಮೊದಲು ಮಸೂದೆ ಮಂಡನೆ, ಸಾಮಾನ್ಯವಾಗಿ ಆಮೇಲೆ ಅದನ್ನು ಪರಿಶೀಲಿಸುವ ಶಾಸಕರ ವಿಷಯ ಸಮಿತಿ, ಮತ್ತೆ ಸದನದಲ್ಲಿ ಒಂದೊಂದೇ ಕಲಮಿನ ಚರ್ಚೆ, ಕೊನೆಗೆ ಮತ. ಅಲ್ಲಿಂದ ರಾಜ್ಯಪಾಲರ ಮೇಜು. ಅವರು ಒಪ್ಪಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾದಿರಿಸಬಹುದು. ಇಷ್ಟೆಲ್ಲ ದಾಟಿ ಗೆಜೆಟಿನಲ್ಲಿ ಬಂದರೂ, ಜಾರಿ ದಿನವನ್ನು ಸರಕಾರ ಆಮೇಲೆ ಹೇಳುತ್ತದೆ ಎಂದು ಕಾಯ್ದೆಯಲ್ಲೇ ಬರೆದಿದ್ದರೆ ಆ ದಿನ ಬರುವ ತನಕ ಅದು ಮಲಗಿಯೇ ಇರುತ್ತದೆ. ಇನ್ನು 'ನಿಗದಿಪಡಿಸಿದ ರೀತಿಯಲ್ಲಿ' ಎಂಬ ಎರಡೇ ಪದ ನೋಡಿ. ಫೀಸು ಎಷ್ಟು, ಫಾರಂ ಯಾವುದು, ಎಷ್ಟು ದಿನದೊಳಗೆ ಕೊಡಬೇಕು ಎಂಬುದೆಲ್ಲ ಆ ಎರಡು ಪದಗಳ ಹಿಂದೆ ನಿಯಮಗಳಲ್ಲಿ ಅಡಗಿರುತ್ತದೆ. ನಮ್ಮಂಥವರು ಜಾಸ್ತಿ ಸಿಕ್ಕಿಬೀಳುವುದು ಅಲ್ಲೇ. ಸದನದ ಗಲಾಟೆ ಪೇಪರಿನಲ್ಲಿ ಬರುತ್ತದೆ, ನಿಯಮ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಕಾನೂನಿನ ಮಾತು ನಮ್ಮ ಊರಿಗೆ ಹೊಸತೇನಲ್ಲ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಮುಟ್ಟುವಂತಿಲ್ಲ. ಸಂಸತ್ತಿಗೇ ಒಂದು ಮೇರೆ ಉಂಟು ಎಂದು ತೀರ್ಪಾದದ್ದು ನಮ್ಮ ಪಕ್ಕದ ಮಠದ ಕೇಸಿನಲ್ಲಿ. ಆ ಊರಿನ ಬದಿಯವರಾದ ನಾವು ಹಾಳೆಯೊಂದಕ್ಕೆ ಹೆದರಿ ವಾಪಸ್ ಬರುತ್ತೇವೆ.

ಅಂದ ಹಾಗೆ, ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಇಲ್ಲಿನ ಕನ್ನಡಿಗರು, ತಮಿಳರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ನಾನು ಇದನ್ನು ಕಾಗದದಲ್ಲಿ ಬರೆದುಕೊಂಡು ಮರುದಿನ ಮತ್ತೆ ಹೋದೆ.

ನಿಮ್ಮಲ್ಲಿ ಒಂದು ಕೋರಿಕೆ. ತಿರುವನಂತಪುರದಲ್ಲಿ ಮಸೂದೆ ಮಂಡನೆಯಾದ ವಾರವೇ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಅರ್ಧ ಪುಟ ಹಾಕಿ. ರಾಜ್ಯ ತನ್ನ ಭಾಷೆಯಲ್ಲಿ ಕಾಯ್ದೆ ಮಾಡಿದರೆ ಗೆಜೆಟಿನಲ್ಲಿ ಬರುವ ಇಂಗ್ಲಿಷ್ ಅನುವಾದವೇ ಅದರ ಅಧಿಕೃತ ಇಂಗ್ಲಿಷ್ ಪಠ್ಯ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಮಲಯಾಳವೂ ಇಂಗ್ಲಿಷೂ ಸರಿಯಾಗಿ ಬಾರದ ನಮ್ಮ ಹಿರಿಯರಿಗೆ ಓದಲು ಉಳಿಯುವುದು ನಿಮ್ಮ ಪೇಪರು ಮಾತ್ರ. ಪಾಸಾದ ಮೇಲೆ ಹಾಕಿದರೆ ಏನು ಪ್ರಯೋಜನ? ಸಮಿತಿಯ ಹಂತದಲ್ಲಿ ಗೊತ್ತಾದರೆ ಆ ಐದು ಮಂದಿಯಲ್ಲಿ ಒಬ್ಬರನ್ನಾದರೂ ಹಿಡಿದು ಕೇಳಬಹುದು.

ನನ್ನ ಅರ್ಜಿಯನ್ನು ಎರಡನೇ ದಿನ ತೆಗೆದುಕೊಂಡರು, ಮುದ್ರೆ ಒತ್ತಿ ರಶೀದಿಯನ್ನೂ ಕೊಟ್ಟರು. ಮೂರು ವಾರದಲ್ಲಿ ಉತ್ತರ ಬಂತು, ಮಲಯಾಳದಲ್ಲಿ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಓದಿ ಹೇಳಿದಳು.

ಇತಿ,
ಒಬ್ಬ ಓದುಗ, ಬದಿಯಡ್ಕ