ಥೀಮ್ ಪಾರ್ಕಿಗೆ ಹೊರಡುವ ಹಿರಿಯರ ಶೂಗಳ ಬಗ್ಗೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಪತ್ರಿಕೆಗಳಲ್ಲಿ ವಿದೇಶ ಪ್ರವಾಸದ ಲೇಖನಗಳು ಹೆಚ್ಚುತ್ತವೆ. ವೀಸಾ ಸಂದರ್ಶನ, ವೈದ್ಯಕೀಯ ವಿಮೆ, ಡಾಲರ್ ವಿನಿಮಯ, ಸಾಮಾನಿನ ತೂಕದ ಮಿತಿ, ಕೊನೆಗೆ ಚಟ್ನಿಪುಡಿಯನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದರವರೆಗೆ ಸಲಹೆಗಳಿರುತ್ತವೆ. ಆದರೆ ಇಡೀ ಪ್ರವಾಸದ ಭಾರವನ್ನು ಹೊರುವ ಕಾಲುಗಳ ಬಗ್ಗೆ, ಅವುಗಳಿಗೆ ಹಾಕಬೇಕಾದ ಶೂಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತಳಾಗಿರುವ, ಮಗಳ ಮನೆಗೆಂದು ಫ್ಲಾರಿಡಾಕ್ಕೆ ಹೋಗಿಬರುವ ನಾನು ಈ ವಿಷಯವನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರಲ್ಲಿ ಬಹಳ ಮಂದಿ ಮೊಮ್ಮಕ್ಕಳ ಜೊತೆ ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಾರೆ. ಅದು ಒಂದೇ ಪಾರ್ಕ್ ಎಂದು ಇಲ್ಲಿಂದ ಹೊರಡುವವರು ಅಂದುಕೊಂಡಿರುತ್ತಾರೆ. ನಿಜದಲ್ಲಿ ಅಲ್ಲಿರುವುದು ನಾಲ್ಕು ದೊಡ್ಡ ಥೀಮ್ ಪಾರ್ಕ್‌ಗಳು: 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಒಂದೊಂದಕ್ಕೆ ಒಂದೊಂದು ದಿನವೆಂದು ಟಿಕೆಟ್ ಕೊಂಡಿರುವುದರಿಂದ, ಮೊದಲ ದಿನವೇ ಶೂ ಕಚ್ಚಿತೆಂದರೆ ಉಳಿದ ದಿನಗಳನ್ನೂ ಅದೇ ಗಾಯದ ಕಾಲಿನಲ್ಲಿ ಕಳೆಯಬೇಕಾಗುತ್ತದೆ. ಕಾರಿನಿಂದ ಇಳಿದ ಕೂಡಲೇ ಮ್ಯಾಜಿಕ್ ಕಿಂಗ್‌ಡಮ್‌ನ ಬಾಗಿಲು ಸಿಗುವುದಿಲ್ಲ. ಕಾರು ನಿಲ್ಲಿಸುವ ಜಾಗದಿಂದ ಸಾಗಿ, ಮಾನೊರೈಲಿನಲ್ಲಿ ಸರೋವರವನ್ನು ಬಳಸಿಯೋ ದೊಡ್ಡ ದೋಣಿಯಲ್ಲಿ ಅದನ್ನು ದಾಟಿಯೋ ಹೋಗಬೇಕು. ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳು ಒಂದು ಕೆರೆಯ ಸುತ್ತ ಹಬ್ಬಿಕೊಂಡಿದ್ದು, ಆ ಒಂದು ಸುತ್ತೇ ಸುಮಾರು ಎರಡು ಕಿಲೊಮೀಟರ್ ಆಗುತ್ತದೆ. ಬೆಳಿಗ್ಗೆ ಒಳಹೊಕ್ಕವರು ರಾತ್ರಿಯ ಬಾಣಬಿರುಸು ನೋಡಿಕೊಂಡು ಹೊರಬರುವ ಹೊತ್ತಿಗೆ ಹತ್ತು ಹದಿನೈದು ಕಿಲೊಮೀಟರ್ ನಡೆದಿರುವುದು ಅಲ್ಲಿ ತೀರಾ ಸಾಮಾನ್ಯ ಸಂಗತಿ. ನಡಿಗೆಗಿಂತಲೂ ಕಾಲನ್ನು ದಣಿಸುವುದು ಸರದಿಯಲ್ಲಿ ನಿಲ್ಲುವುದು: ಗಟ್ಟಿ ನೆಲದ ಮೇಲೆ ನಿಂತು, ಎರಡು ಹೆಜ್ಜೆ ಸರಿದು, ಮತ್ತೆ ನಿಲ್ಲುವುದು.

ಎಪ್ಕಾಟ್‌ನ ಆ ಕೆರೆಯ ದಂಡೆಯ ಬೆಂಚೊಂದರ ಮೇಲೆ ಕನ್ನಡ ಮಾತಾಡುತ್ತಿದ್ದ ದಂಪತಿಯನ್ನು ಕಂಡೆ. ಯಜಮಾನರು ಒಂದು ಶೂ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಅದು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು, ಅಟ್ಟೆಯ ಮೇಲೆ ಅಂಗಡಿಯ ಬೆಲೆಚೀಟಿಯ ಅಂಟು ಇನ್ನೂ ಉಳಿದಿತ್ತು. ಕಾಲುಚೀಲವು ಹಿಮ್ಮಡಿಗೆ ಅಂಟಿಕೊಂಡು ಎಳೆದರೆ ಬರುತ್ತಿರಲಿಲ್ಲ. ಅಲ್ಲಿ ಎದ್ದಿದ್ದ ಗುಳ್ಳೆ ಒಡೆದು ನೀರು, ರಕ್ತ ಎರಡೂ ಒಸರುತ್ತಿದ್ದವು, ಕಿರುಬೆರಳಿನ ಉಗುರು ನೀಲಿಗಟ್ಟಿತ್ತು. ಮಗ ಪಕ್ಕದಲ್ಲಿ ನಿಂತು "ಇನ್ನು ಸ್ವಲ್ಪ ದೂರ ಅಪ್ಪಾ, ಅಲ್ಲಿಗೆ ಹೋದರೆ ಕೂತುಕೊಂಡೇ ನೋಡಬಹುದು" ಎಂದು ಸಮಾಧಾನ ಹೇಳುತ್ತಿದ್ದ. ತಾಯಿ ಮಾತ್ರ ನನ್ನ ಕಡೆ ತಿರುಗಿ, ಹೊರಡುವ ಹಿಂದಿನ ದಿನ ಕೊಂಡದ್ದು, ಒಂಬತ್ತನೇ ನಂಬರೇ, ಅವರಿಗೆ ಯಾವಾಗಲೂ ಒಂಬತ್ತೇ ಆಗುವುದು ಎಂದರು. ಪ್ರತಿ ಪಾರ್ಕಿನಲ್ಲೂ ಪ್ರಥಮ ಚಿಕಿತ್ಸಾ ಕೇಂದ್ರವಿದೆ, ಅಲ್ಲಿ ಪಟ್ಟಿ ಕೊಡುತ್ತಾರೆ ಎಂದು ತಿಳಿಸಿ ಅವರನ್ನು ಅಲ್ಲಿಗೆ ಕಳಿಸಿದೆ.

ಆ ತಾಯಿ ಹೇಳಿದ ನಂಬರಿನಲ್ಲೇ ತೊಂದರೆಯ ಬಹುಪಾಲು ಅಡಗಿದೆ. ನಮ್ಮ ಅಂಗಡಿಗಳಲ್ಲಿ ಕಾಣುವ ನಂಬರು ಬ್ರಿಟಿಷರ ಕಾಲದಿಂದ ಬಂದ ಪದ್ಧತಿಯದು, ಅದು ಪಾದದ ಉದ್ದವನ್ನಷ್ಟೇ ಹೇಳುತ್ತದೆ. ಬಾಲ್ಯದಿಂದ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಓಡಾಡಿದ ನಮ್ಮವರ ಪಾದಗಳು ಬೆರಳುಗಳ ಬಳಿ ಅಗಲವಾಗಿ ಹರಡಿಕೊಂಡಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ದೇಶದ ಹಲವೆಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ, ಭಾರತೀಯರ ಪಾದಗಳು ಐರೋಪ್ಯರ ಮತ್ತು ಅಮೆರಿಕನ್ನರ ಪಾದಗಳಿಗಿಂತ ಅಗಲವೆಂದು ಕಂಡುಕೊಂಡಿತು. ಅದರ ಆಧಾರದ ಮೇಲೆ ‘ಭಾ’ ಎಂಬ ನಮ್ಮದೇ ಅಳತೆ ಪದ್ಧತಿಯನ್ನು ರೂಪಿಸಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 2,300 ಮಕ್ಕಳ ಪಾದದ ಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಬರಿಗಾಲಿನಲ್ಲಿ ಬೆಳೆದ ಮಕ್ಕಳಲ್ಲಿ ಚಪ್ಪಟೆ ಪಾದ ಕಡಿಮೆ, ಮುಂಭಾಗ ಮುಚ್ಚಿದ ಶೂ ಹಾಕಿ ಬೆಳೆದವರಲ್ಲಿ ಹೆಚ್ಚು ಎಂದು ಅವರು ತೋರಿಸಿದರು. ಹಾಗೆಂದು ಫ್ಲಾರಿಡಾದ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆಯಲಾಗದು, ಪಾರ್ಕಿನವರೂ ಬಿಡುವುದಿಲ್ಲ. ಬೆರಳುಗಳಿಗೆ ಅಲುಗಾಡಲು ಜಾಗ ಕೊಡದ ಶೂ ನಮ್ಮ ಕಾಲಿಗೆ ಒಗ್ಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಅಂಗಡಿಯಲ್ಲಿ ನಡೆಯುವುದೇನು ಎಂಬುದು ಎಲ್ಲರಿಗೂ ಗೊತ್ತಿದೆ. ಹುಡುಗ ನಂಬರು ಕೇಳಿ ಡಬ್ಬಿ ತರುತ್ತಾನೆ, ಕುಳಿತವರ ಕಾಲಿಗೆ ಶೂ ತೊಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ "ಕರೆಕ್ಟಾಗಿದೆ ಸಾರ್, ಹಾಕ್ತಾ ಹಾಕ್ತಾ ಬಿಡುತ್ತೆ" ಎನ್ನುತ್ತಾನೆ. ಕುಳಿತಾಗ ಪಾದದ ಮೇಲೆ ದೇಹದ ಭಾರವಿರುವುದಿಲ್ಲ. ನಿಂತಾಗ ಪಾದದ ಕಮಾನು ತಗ್ಗಿ, ಉದ್ದ ಮತ್ತು ಅಗಲ ಎರಡೂ ಹೆಚ್ಚುತ್ತವೆ. ದಿನವಿಡೀ ಓಡಾಡಿದ ಮೇಲೆ ಕಾಲು ಇನ್ನಷ್ಟು ಊದಿಕೊಳ್ಳುತ್ತದೆ. ಆದ್ದರಿಂದ ಶೂ ಕೊಳ್ಳಲು ಸಂಜೆ ಹೋಗಬೇಕು, ಪ್ರವಾಸದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ನಿಂತು, ನಡೆದು ನೋಡಬೇಕು. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಾಗಿರುತ್ತದೆ. ಕೊಳ್ಳುವುದು ದೊಡ್ಡ ಪಾದದ ಅಳತೆಗೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಖಾಲಿ ಜಾಗವಿರಬೇಕು. ಅಗಲವನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ: ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತರೆ, ಪಾದದ ಅಂಚು ಮೆತ್ತೆಯಾಚೆ ಚಾಚಿಕೊಂಡಿದ್ದರೆ ಆ ಶೂ ಎಷ್ಟೇ ದುಬಾರಿಯದಾದರೂ ಬಿಟ್ಟುಬಿಡಬೇಕು. ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಅದು ಬೆರಳುಗಳ ಬುಡದಲ್ಲಿ ಬಗ್ಗಬೇಕೇ ಹೊರತು ನಡುವಿನಲ್ಲಿ ಮಡಚಿಕೊಳ್ಳಬಾರದು. ಹಿಮ್ಮಡಿಯ ಭಾಗ ಒತ್ತಿದರೆ ಕುಸಿಯದಷ್ಟು ಗಟ್ಟಿಯಾಗಿರಬೇಕು. "ಹಾಕ್ತಾ ಹಾಕ್ತಾ ಬಿಡುತ್ತೆ" ಎಂಬ ಭರವಸೆ ಚರ್ಮದ ಚಪ್ಪಲಿಗೆ ಒಪ್ಪುತ್ತದೆ. ಇಂದಿನ ಸ್ಪೋರ್ಟ್ಸ್ ಶೂಗಳು ಮೆತ್ತಗಾದಾವೇ ವಿನಾ ಅಗಲವಾಗುವುದಿಲ್ಲ.

ಸರಿಯಾದ ಶೂ ಸಿಕ್ಕ ಮೇಲೂ ಅದನ್ನು ಡಬ್ಬಿಯಲ್ಲೇ ಕಟ್ಟಿ ವಿಮಾನ ಹತ್ತಿಸಬಾರದು. ಹೊರಡುವುದಕ್ಕೆ ಮೂರ್ನಾಲ್ಕು ವಾರ ಮೊದಲೇ ಕೊಂಡು, ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಅದನ್ನೇ ಹಾಕಿಕೊಂಡು ದಿನದಿನಕ್ಕೆ ದೂರವನ್ನು ಹೆಚ್ಚಿಸುತ್ತ ನಡೆದರೆ, ಶೂ ಎಲ್ಲಿ ಉಜ್ಜುತ್ತದೆಂಬುದು ಇಲ್ಲಿಯೇ ತಿಳಿಯುತ್ತದೆ, ಕಾಲಿಗೂ ಅಭ್ಯಾಸವಾಗುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಳೆಯ ಶೂವನ್ನು ನಂಬಿಕೊಂಡು ಹೋಗುವುದೂ ಅಪಾಯವೇ. ನಮ್ಮ ಹವೆಯಲ್ಲಿ ಅಂಟು ಸಡಿಲಗೊಂಡು ನಡುದಾರಿಯಲ್ಲಿ ಅಟ್ಟೆ ಕಿತ್ತುಬರುವುದುಂಟು.

ಮಹಿಳೆಯರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಒಂದು ಮಾತಿದೆ, ಅದನ್ನು ಅಂಗಡಿಯವರಾಗಲಿ ಪ್ರವಾಸ ಸಂಸ್ಥೆಯವರಾಗಲಿ ಎಂದೂ ಹೇಳುವುದಿಲ್ಲ. ಕಾಲುಂಗುರಗಳು ಚಪ್ಪಲಿಯಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮುಚ್ಚಿದ ಶೂ ಒಳಗೆ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಾಗ ಉಂಗುರದ ಅಂಚು ಪಕ್ಕದ ಬೆರಳನ್ನು ಗಂಟೆಗಟ್ಟಲೆ ಒತ್ತುತ್ತದೆ, ಬೆರಳು ಊದಿದರೆ ಬಿಗಿಯುತ್ತದೆ. ತೆಗೆದಿಡಲು ಮನಸ್ಸೊಪ್ಪದವರು ಪಾರ್ಕಿನ ದಿನಗಳ ಮಟ್ಟಿಗೆ ತೆಳುವಾದ, ನಯವಾದ, ಸಡಿಲಿಸಬಹುದಾದ ಉಂಗುರವನ್ನು ಹಾಕಿಕೊಳ್ಳುವುದು ಒಳ್ಳೆಯದು.

ಕಾಲುಚೀಲ ಹತ್ತಿಯದೇ ಶ್ರೇಷ್ಠವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ದೀರ್ಘ ನಡಿಗೆಯಲ್ಲಿ ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮವು ಉಜ್ಜಿದಾಗ ಗುಳ್ಳೆ ಏಳುವುದು ಬೇಗ. ಬೇಗ ಒಣಗುವ ಕೃತಕ ನೂಲಿನ ಅಥವಾ ನಯವಾದ ಉಣ್ಣೆ ಬೆರೆತ ಕಾಲುಚೀಲಗಳು ವಾಸಿ, ಚೀಲದಲ್ಲಿ ಒಂದು ಜೊತೆ ಹೆಚ್ಚುವರಿಯಾಗಿ ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸುರಿಯುವುದು ವಾಡಿಕೆ. ಅನಿಮಲ್ ಕಿಂಗ್‌ಡಮ್‌ನ ಕಾಳಿ ನದಿಯ ತೆಪ್ಪದಂತಹ ಆಟಗಳಲ್ಲಿ ಮಳೆಯಿಲ್ಲದೆಯೂ ತೋಯ್ದುಹೋಗುತ್ತೇವೆ. ನೀರು ಹೋಗದ ಶೂ ಕೊಂಡರಾಯಿತು ಎನ್ನುವವರಿದ್ದಾರೆ. ಆದರೆ ಮೇಲಿನಿಂದ ಒಳಹೊಕ್ಕ ನೀರು ಅಂತಹ ಶೂನಿಂದ ಹೊರಬರುವುದಿಲ್ಲ; ಗಾಳಿಯಾಡುವ ಜಾಲರಿಯ ಶೂಗಳೇ ಲೇಸು. ಎರಡು ಜೊತೆ ಶೂ ಒಯ್ದು ಒಂದು ದಿನ ಒಂದು, ಮರುದಿನ ಇನ್ನೊಂದು ಹಾಕಿದರೆ ಒದ್ದೆಯಾದದ್ದು ಆರಲು ಸಮಯ ಸಿಗುತ್ತದೆ.

ಮಧುಮೇಹಿಗಳ ವಿಷಯದಲ್ಲಿ ಇದು ಬರಿಯ ಆರಾಮದ ಪ್ರಶ್ನೆಯಲ್ಲ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿರುವ ಸಾಧ್ಯತೆಯಿದೆ. ಗುಳ್ಳೆ ಎದ್ದರೂ, ಶೂ ಒಳಗೆ ಕಲ್ಲಿನ ಚೂರಿದ್ದರೂ ಅವರಿಗೆ ನೋವು ತಿಳಿಯುವುದಿಲ್ಲ, ನೋವಿಲ್ಲದ ಕಾರಣಕ್ಕೇ ನಡೆಯುತ್ತಲೇ ಹೋಗುತ್ತಾರೆ. ಸಣ್ಣ ಗಾಯ ಹುಣ್ಣಾಗಿ, ಬೆರಳನ್ನೇ ತೆಗೆಯಬೇಕಾದ ಸ್ಥಿತಿಗೆ ಬಂದವರ ಆರೈಕೆಯನ್ನು ನನ್ನ ವೃತ್ತಿಯಲ್ಲಿ ಮಾಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹಾಕಿಕೊಳ್ಳುವ ಮೊದಲು ಪ್ರತಿಸಲವೂ ಶೂವನ್ನು ಬೋರಲು ಹಾಕಿ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಕೋಣೆಗೆ ಮರಳಿದ ಮೇಲೆ ಅಂಗಾಲು, ಬೆರಳ ಸಂದು, ಹಿಮ್ಮಡಿಗಳನ್ನು ದೀಪದ ಬೆಳಕಿನಲ್ಲಿ ಮಗನಿಂದಲೋ ಸೊಸೆಯಿಂದಲೋ ನೋಡಿಸಬೇಕು. ಕಾಲು ತೋರಿಸಲು ಸಂಕೋಚ ಬೇಡ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬಾರದು, ಆಣಿಯನ್ನು ಬ್ಲೇಡಿನಿಂದ ಕೆರೆಯಬಾರದು. ವೈದ್ಯರ ಸಲಹೆಯಂತೆ ಎಂಸಿಆರ್ (ಸೂಕ್ಷ್ಮ ರಂಧ್ರಗಳಿರುವ ಮೆತ್ತನೆಯ ರಬ್ಬರಿನ) ಚಪ್ಪಲಿ ಹಾಕುವವರು ಹಿಂಬದಿಗೆ ಪಟ್ಟಿಯಿರುವ ಎಂಸಿಆರ್ ಸ್ಯಾಂಡಲ್ ಅನ್ನು ಮೊದಲೇ ಹೊಲಿಸಿಕೊಂಡು ಹೋಗಲಿ. ಪಟ್ಟಿಯಿಲ್ಲದ ಚಪ್ಪಲಿ ಆಟಗಳಲ್ಲಿ ಜಾರಿಬೀಳುತ್ತದೆ.

ವಿದೇಶದಲ್ಲಿರುವ ಮಕ್ಕಳಿಗೂ ಒಂದು ವಿನಂತಿ. ಅಮ್ಮನ ನಂಬರು ಐದು ಎಂದು ಫೋನಿನಲ್ಲಿ ಕೇಳಿ ಅಲ್ಲಿಯೇ ಐದನೇ ನಂಬರಿನ ಶೂ ತರಿಸಿಡುವವರಿದ್ದಾರೆ. ನಮ್ಮ ಐದು ಅಲ್ಲಿಯ ಮಹಿಳೆಯರ ಅಳತೆಯಲ್ಲಿ ಹೆಚ್ಚುಕಡಿಮೆ ಏಳಾಗುತ್ತದೆ. ಗಂಡಸರದ್ದು ಸುಮಾರು ಒಂದು ನಂಬರು ಹೆಚ್ಚು. ಅದರ ಬದಲು ಅಪ್ಪ ಅಮ್ಮ ಕಾಗದದ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಬೇರೆಯವರಿಂದ ಪಾದದ ಗೆರೆ ಎಳೆಸಿ, ಉದ್ದ ಅಗಲಗಳನ್ನು ಸೆಂಟಿಮೀಟರಿನಲ್ಲಿ ಕಳಿಸಿದರೆ, ಅಲ್ಲಿ ಅಗಲದ ಆಯ್ಕೆಯಿರುವ ಶೂಗಳನ್ನೇ ಹುಡುಕಬಹುದು. ಮತ್ತೆ, ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣದಲ್ಲಿ ಊದಿಕೊಂಡ ಕಾಲುಗಳನ್ನು ಇಳಿದ ಮರುದಿನವೇ ಪಾರ್ಕಿಗೆ ಕರೆದೊಯ್ಯಬೇಡಿ. ಪಾರ್ಕಿನಲ್ಲಿ ಬಾಡಿಗೆಗೆ ಸಿಗುವ ಗಾಲಿಕುರ್ಚಿಯನ್ನು ಮಧ್ಯಾಹ್ನ ಕಾಲು ಸೋತ ಮೇಲೆ ಹುಡುಕುವ ಬದಲು ಬೆಳಿಗ್ಗೆಯೇ ತೆಗೆದುಕೊಳ್ಳಿ. ಅದರಲ್ಲಿ ಕೂರಲು ಹಿರಿಯರು ಮೊದಲಿಗೆ ಹಿಂಜರಿಯುತ್ತಾರೆ, ಕೈಚೀಲಗಳನ್ನು ಇಡಲಾದರೂ ಇರಲಿ ಎಂದರೆ ಒಪ್ಪುತ್ತಾರೆ.

ಸಿಂಗಪುರದ ಸೆಂಟೋಸಾಕ್ಕೆ ಹೋಗುವವರಿಗೂ, ಬಿಡದಿಯ ವಂಡರ್‌ಲಾಕ್ಕೆ ಮೊಮ್ಮಕ್ಕಳ ಜೊತೆ ಹೋಗುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ತಮ್ಮ ಪತ್ರಿಕೆಯ ಮೂಲಕ ಎರಡು ಬೇಡಿಕೆಗಳನ್ನು ಮುಂದಿಡುತ್ತೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಹಿರಿಯರ ತಂಡಗಳನ್ನು ಕರೆದೊಯ್ಯುವ ಪ್ರವಾಸ ಸಂಸ್ಥೆಗಳು ಮುಂಗಡ ಹಣ ಪಡೆಯುವ ದಿನವೇ, ಯಾವ ದಿನ ಎಷ್ಟು ನಡಿಗೆ ಇರುತ್ತದೆ, ಎಂತಹ ಪಾದರಕ್ಷೆ ಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಹೊರಡುವ ವಾರದ ಸಭೆಯಲ್ಲಿ ಹೇಳಿದರೆ ಶೂ ಪಳಗಿಸಲು ಸಮಯವಿರುವುದಿಲ್ಲ. ಪಾದರಕ್ಷೆಯ ಮಳಿಗೆಗಳು ಗಿರಾಕಿಯನ್ನು ನಿಲ್ಲಿಸಿ ಉದ್ದ, ಅಗಲ ಎರಡನ್ನೂ ಅಳೆಯುವ ಅಳತೆಪಟ್ಟಿಯನ್ನು ಇಟ್ಟುಕೊಂಡು, ಅದನ್ನು ಬಳಸಲು ಹುಡುಗರಿಗೆ ಕಲಿಸಲಿ. ತಯಾರಕರು ಅಗಲದ ಅಳತೆಯನ್ನೂ ಡಬ್ಬಿಯ ಮೇಲೆ ನಮೂದಿಸಲಿ.

ಇಂತಿ ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಮೈಸೂರು