ಧಾರಾವಾಹಿ ಕಾಯಲಿ, ನೀನು ಹೆಗ್ಗೋಡಿಗೆ ಹೊರಡು

ಚಿ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಧಾರಾವಾಹಿಯವರು ಮನೆಗೇ ಬಂದು ಪಾತ್ರ ಕೊಡುತ್ತಿದ್ದಾರೆ, ಹೆಗ್ಗೋಡಿನ ನೀನಾಸಂ ರಂಗಶಾಲೆಯ ಸಂದರ್ಶನಕ್ಕೂ ಕರೆ ಬಂದಿದೆ, ಯಾವುದಕ್ಕೆ ಹೂಂ ಅನ್ನಲಿ ಎಂದು ಕೇಳಿದ್ದೀಯ. ಏನು ಮಾಡಿದರೂ ಜನ ನಾಟಕದ ನಿಮ್ಮಜ್ಜಿಯ ಹೆಸರು ಹಿಡಿದು ‘ಅವರ ಮೊಮ್ಮಗಳು’ ಅಂತಲೇ ಗುರುತಿಸುತ್ತಾರೆ ಎಂದು ಬೇಜಾರೂ ಮಾಡಿಕೊಂಡಿದ್ದೀಯ. ಎರಡಕ್ಕೂ ಸೇರಿಸಿ ರಂಗನಟಿ ಬಿ. ಜಯಶ್ರೀ ಅವರ ವಿಷಯ ಹೇಳುತ್ತೇನೆ, ಓದು.

ಅವರ ತಾತ ಗುಬ್ಬಿ ನಾಟಕ ಕಂಪನಿಯ ಮಾಲೀಕರಾಗಿದ್ದ ಗುಬ್ಬಿ ವೀರಣ್ಣ. ರಂಗದ ಮೇಲೆ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿಸಿದವರು. ಜಯಶ್ರೀ ಎಳೆವೆಯಲ್ಲೇ ಆ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅಂಥ ಮನೆಯ ಹುಡುಗಿಗೆ ಕರೆದು ಪಾರ್ಟು ಕೊಡುವವರಿಗೆ ಕೊರತೆಯೇ? ಆದರೂ ದೆಹಲಿಗೆ ಹೋಗಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಆಗ ಅದರ ನಿರ್ದೇಶಕರಾಗಿದ್ದ ಅಲ್ಕಾಜಿಯವರ ಕೈಕೆಳಗೆ ಕಲಿತು, 1973ರಲ್ಲಿ ಹೊರಬಂದರು. ಹಾಡಿ ‘ಒನ್ಸ್ ಮೋರ್’ ಗಿಟ್ಟಿಸುವ ಕಂಪನಿ ನಾಟಕದ ವಿದ್ಯೆಯೇ ಬೇರೆ, ದೆಹಲಿಯ ಆ ಶಾಲೆಯ ಶಿಸ್ತೇ ಬೇರೆ. ಗೊತ್ತಿದ್ದ ಕೆಲಸವನ್ನೇ ಮತ್ತೆ ಮೊದಲಿಂದ ಕಲಿಯಲು ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚಿಸು.

ಇದು ತಾತನಿಂದಲೇ ಬಂದ ಗುಣ ಅನ್ನಿಸುತ್ತದೆ ನನಗೆ. ಮನೆಬಿಟ್ಟು ಬಂದು ಕಂಪನಿ ಸೇರಿದ್ದ, ಮುಂದೆ ದೊಡ್ಡ ರಂಗನಿರ್ದೇಶಕರಾದ ಬಿ.ವಿ. ಕಾರಂತರನ್ನು ಓದಲೆಂದು ಕಾಶಿಗೆ ಕಳಿಸಿದವರು ವೀರಣ್ಣನವರೇ. ಕೈಗೆ ಸಿಕ್ಕ ಪ್ರತಿಭೆಯನ್ನು ಯಾವ ಮಾಲೀಕ ಹಾಗೆ ಬಿಟ್ಟುಕೊಟ್ಟಾನು?

ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ಚಂದ್ರಶೇಖರ ಕಂಬಾರರ ಕಾದಂಬರಿ ‘ಕರಿಮಾಯಿ’ಯನ್ನು ರಂಗಕ್ಕೆ ತಂದರು. ಅವರು ರಂಗಗೀತೆ ಎತ್ತಿಕೊಂಡರೆ ಕೊನೆಯ ಸಾಲಿನಲ್ಲಿ ಕೂತವನಿಗೂ ಒಂದೊಂದು ಅಕ್ಷರ ಬಿಡಿಸಿ ಕೇಳಬೇಕು, ಹಾಗಿದೆ ಆ ಕಂಠ. ತಾತನ ಕಂಪನಿಯ ಮಣ್ಣೂ ಅದರಲ್ಲಿದೆ, ದೆಹಲಿಯ ಕಲಿಕೆಯೂ ಇದೆ. ಡಬ್ಬಿಂಗ್ ಅಂದರೆ ಮುಖ ಸಿಂಡರಿಸುತ್ತೀಯಲ್ಲ ನೀನು, ಅದೇ ಕಂಠವನ್ನು ಅವರು ಮಾಧವಿ, ಅಂಬಿಕಾ ಮುಂತಾದ ನಾಯಕಿಯರಿಗೂ ಕೊಟ್ಟಿದ್ದಾರೆ. ತೆರೆಯ ಮೇಲೆ ಮುಖ ಇನ್ನೊಬ್ಬರದು. ಆದರೆ ಅಳು, ಉಸಿರು, ಸಿಟ್ಟು ಎಲ್ಲವನ್ನೂ ದನಿಯೊಂದರಲ್ಲೇ ತರಬೇಕು. ಅದೂ ನಟನೆಯೇ, ಸಣ್ಣ ಕೆಲಸವಲ್ಲ. 2010ರ ರಾಜ್ಯಸಭೆ, 2013ರ ಪದ್ಮಶ್ರೀ ಆಮೇಲೆ ಬಂದವು.

ಅವರನ್ನು ಈಗಲೂ ಗುಬ್ಬಿ ವೀರಣ್ಣನವರ ಮೊಮ್ಮಗಳು ಅನ್ನುತ್ತಾರೆ. ಅದರಿಂದ ಅವರ ಕೆಲಸಕ್ಕೆ ಏನು ಕಡಿಮೆಯಾಯಿತು? ನೀನೂ ಆ ಮಾತಿನ ಜತೆ ಗುದ್ದಾಡಬೇಡ. ನಿಮ್ಮಜ್ಜಿ ನಿನಗೆ ಹೆಸರಷ್ಟನ್ನೇ ಬಿಟ್ಟುಹೋಗಿಲ್ಲ. ಬಣ್ಣದ ಮನೆಯಲ್ಲಿ ಸೀರೆ ಉಟ್ಟು, ನೆರಿಗೆಗೆ ಪಿನ್ನು ಹಾಕಿ, ಅಲ್ಲೇ ನಾಲ್ಕು ಹೆಜ್ಜೆ ಓಡಿ, ಒಮ್ಮೆ ಧಪ್ಪನೆ ನೆಲಕ್ಕೆ ಕೂತೆದ್ದು ನೋಡುತ್ತಿದ್ದರು, ರಂಗದ ಮೇಲೆ ಬಿಚ್ಚಿಕೊಳ್ಳಬಾರದೆಂದು. ಯಾರೂ ಹೇಳಿಕೊಡದೆ ಈಗ ನೀನೂ ಹಾಗೇ ಮಾಡುತ್ತೀಯ. ಅದು ನಿನ್ನ ಆಸ್ತಿ. ಉಳಿದದ್ದನ್ನು ಹೊರಗಿನ ಗುರುಗಳಿಂದಲೇ ಕಲಿಯಬೇಕು. ಮನೆಯವರು ನಿನ್ನ ತಪ್ಪನ್ನೂ ಮುದ್ದು ಮಾಡುತ್ತೇವೆ.

ಆದ್ದರಿಂದ ಹೆಗ್ಗೋಡಿಗೆ ಹೋಗು. ಅಲ್ಲೇ ಇದ್ದು ಕಲಿಯುವ ಕೋರ್ಸು ಅದು, ಶೂಟಿಂಗ್ ಜತೆ ತೂಗಿಸಲು ಆಗುವುದಿಲ್ಲ. ಧಾರಾವಾಹಿಯವರಿಗೆ ಈಗ ಆಗುವುದಿಲ್ಲವೆಂದು ಮರ್ಯಾದೆಯಿಂದ, ಆದರೆ ಸ್ಪಷ್ಟವಾಗಿ ತಿಳಿಸು. ಸತಾಯಿಸಬೇಡ, ಅವರೂ ಬೇರೆಯವರನ್ನು ಹುಡುಕಿಕೊಳ್ಳಬೇಕು. ಕೈಗೆ ಬಂದ ಸಂಬಳ ಬಿಡುತ್ತಾಳೆಂದು ನಿಮ್ಮಪ್ಪ ತಕರಾರು ತೆಗೆದರೆ ನನಗೆ ಫೋನ್ ಮಾಡಲು ಹೇಳು, ನಾನು ಮಾತಾಡುತ್ತೇನೆ.

ಸಂದರ್ಶನಕ್ಕೆ ಒಂದು ರಂಗಗೀತೆ ತಯಾರು ಮಾಡಿಕೊ. ಅಜ್ಜಿಯ ಎತ್ತರದ ಶ್ರುತಿ ನಿನಗೆ ಒಗ್ಗುವುದಿಲ್ಲ, ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗಿನ ಶ್ರುತಿಗೆ ಇಳಿಸಿಯೇ ಹಾಡು. ಈ ಭಾನುವಾರ ಬಂದರೆ ಹಾರ್ಮೋನಿಯಂ ನಾನು ಹಿಡಿಯುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ